ಇಮಾಮುದ್ದೀನನ ಅರಗು

ಅಂಗಳಕ್ಕೆ ಕಾಲಿಡುತ್ತಿದ್ದ ಈರಬಸಪ್ಪನ ತೋಳು ಹಿಡಿದು ಹೊಳೆಪ್ಪ ಬಾಜೂಕೆ ಎಳೆದ. ಒಳಗೆ ತೀರಿಹೋದ ಇಮಾಮುದ್ದೀನನ ಮೈ ತೊಳೆಯುತ್ತಿದ್ದರು.

"ವರಹ ತಂದಿಯೇನು?"

"ಕಿಸೆದಾಗ ಐತಿ."

"ಬಿಚ್ಚಿ ನೋಡಲೇ. ನಾಳಿ ಸುಳ್ಳಂತ ಗೊತ್ತಾದ್ರ ಯಾರನ್ನ ಹಿಡಿತಿ?"

"ಬಿಚ್ಚಿದ್ರ ತಿರುಗಿ ಅರಗ ಹಾಕಾಕ ಅಂವ ಎದ್ದ ಬರ್ತಾನೇನು? ಸತ್ತ ಮನಿಯಾಗರ ಸುಮ್ನಿರು."

ಆದರೂ ಈರಬಸಪ್ಪನ ಕೈ ಕಿಸೆಗೆ ಹೋಯಿತು. ಅಣ್ಣಿಗೇರಿಯಲ್ಲಿ ಹಳೆ ನಾಣ್ಯದ ಹುಚ್ಚು ಹತ್ತಿದವರೆಲ್ಲ ನಂಬಿದ್ದು ನಾಣ್ಯವನ್ನಲ್ಲ, ಇಮಾಮುದ್ದೀನನನ್ನು. ನಾಣ್ಯ ಪರೀಕ್ಷಿಸಿ, ಖರೆ ಎನಿಸಿದ್ದನ್ನು ಅವನು ಕೆಂಪು ಅರಿವೆಯಲ್ಲಿ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು ತನ್ನ ಮುದ್ರೆಯುಂಗುರ ಒತ್ತುತ್ತಿದ್ದ. ಅಂಥ ಗಂಟನ್ನು ಹುಬ್ಬಳ್ಳಿಯ ವ್ಯಾಪಾರಿಗಳು ಬಿಚ್ಚದೆಯೇ ಕೊಳ್ಳುತ್ತಿದ್ದರು. ಅರಗು ಒಡೆದದ್ದನ್ನು ಮುಟ್ಟುತ್ತಿರಲಿಲ್ಲ. ಈರಬಸಪ್ಪ ಎತ್ತಿನ ಜೋಡಿ ಮಾರಿ ಒಂದು ಹಳೆ ಚಿನ್ನದ ವರಹ ಕೊಂಡಿದ್ದ. ಸೋಮವಾರ ಅದಕ್ಕೆ ಗಿರಾಕಿ ಬರುವವನಿದ್ದ. ಆ ರೊಕ್ಕದಲ್ಲಿ ಎತ್ತು ತರುತ್ತೇನೆಂದು ಹೆಂಡತಿ ಗೌರಕ್ಕನಿಗೆ ಆಣೆ ಮಾಡಿದ್ದ.

*

ಎಂಬತ್ತೆರಡರ ದೀಪಾವಳಿ ಮುಂದೆ, ವರಹ ಕೊಂಡ ದಿನ, ಇಮಾಮುದ್ದೀನ ಅದನ್ನು ಒರೆಗಲ್ಲಿಗೆ ತಿಕ್ಕಿ, ತೂಗಿ, ಬಿಸಿಲಿಗೆ ಹಿಡಿದು ನೋಡಿ, ಗಂಟು ಕಟ್ಟಿ ಅರಗು ಒತ್ತಿದ್ದ.

"ಖರೆ ಐತ್ರಿ ಗೌಡ್ರ. ಆದ್ರ ಗಂಟ ಬಿಚ್ಚಬ್ಯಾಡ್ರಿ."

"ಬಿಚ್ಚದ ನನಗ ಹೆಂಗ ಗೊತ್ತಾಗಬೇಕೋ ಮಾರಾಯಾ?"

"ನಿಮಗ ಗೊತ್ತಾಗೂದಿದ್ರ ನನ್ನ ಕಡೆ ಯಾಕ ಬರ್ತಿದ್ರಿ?"

ಇಬ್ಬರೂ ನಕ್ಕಿದ್ದರು. ಹೊರಗೆ ಬಂದು ತಿರುಗಿ ನೋಡಿದರೆ, ವರಹ ಮಾರಿದವನೂ ಇಮಾಮುದ್ದೀನನೂ ಒಂದೇ ಕಪ್ಪಿನ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು! ಚಹಾ ಕುಡಿಯುವುದು ಕಳ್ಳತನವೇನಲ್ಲ. ಆದರೂ ಆ ಚಹಾ ಈರಬಸಪ್ಪನ ತಲೆಯಿಂದ ಹೋಗಲೇ ಇಲ್ಲ.

*

ಬಯಲಿನಲ್ಲಿ ಹೆಣ ಹೊತ್ತ ಜನಾಜಾ ಇಳಿಸಿ ನಮಾಜಿಗೆ ಸಾಲು ನಿಂತರು. ಈರಬಸಪ್ಪ, ಹೊಳೆಪ್ಪ ಹಿಂದೆ ನಿಂತರು. ಸುದ್ದಿ ಕೇಳಿ ಹುಬ್ಬಳ್ಳಿಯಿಂದ ಬಂದಿದ್ದ ಸೋಮವಾರದ ಗಿರಾಕಿಯೂ ಅವರ ಬಾಜೂಕೇ ಇದ್ದ. ಇಮಾಮುದ್ದೀನನ ಮಗ ಅಬ್ದುಲಮಜೀದ ರೂಢಿಯಂತೆ ಮುಂದೆ ಬಂದ. ಅತ್ತು ಅತ್ತು ಕಣ್ಣು ಊದಿದ್ದವು.

"ನಮ್ಮ ಅಬ್ಬಾ ಯಾರಿಗಾರ ಬಾಕಿ ಉಳಿಸಿದ್ರ, ಅನ್ಯಾಯ ಮಾಡಿದ್ರ ಹೇಳ್ರಿ, ನಾ ತೀರಸ್ತೀನಿ. ಇಲ್ಲಂದ್ರ ಮಾಫ್ ಮಾಡ್ರಿ."

ಈರಬಸಪ್ಪ ಕಿಸೆಯೊಳಗಿನ ಗಂಟಿನಿಂದ ಕೈ ತೆಗೆದ. ಪಾಪ, ಇಷ್ಟು ಮಂದಿ ಎದುರಿಗೆ ಮಗ ಬೇಡಿಕೊಳ್ಳುತ್ತಿದ್ದಾನೆ. ಸತ್ತವನ ಮೇಲೆ ಇನ್ನೆಂಥ ಸಂಶಯ, ಹಾಳಾಗಿ ಹೋಗಲಿ! ದೊಡ್ಡ ಮನಸ್ಸು ಮಾಡಿ, ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ.

"ನಾ ಮಾಫ್ ಮಾಡೀನಪಾ, ತಮ್ಮಾ!"

ಮಜೀದ ತಲೆ ಎತ್ತಿದ. "ನಿಮಗ ಏನ ಮಾಡಿದ್ರು ಕಾಕಾ, ನಮ್ಮ ಅಬ್ಬಾ?"

"ಏನಿಲ್ಲೋ... ಏನೂ ಇಲ್ಲ. ಸುಮ್ನ ಅಂದೆ."

ಆ ಮಾತನ್ನು ಯಾರೂ ನಂಬಲಿಲ್ಲ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರೇ ತಿರುಗಿ ಅವನನ್ನು ನೋಡಿದರು. ಹೊಳೆಪ್ಪ, ತಾನೂ ಇಮಾಮುದ್ದೀನನಿಂದ ಕಟ್ಟಿಸಿಕೊಂಡಿದ್ದ ಗಂಟು ಹೊರತೆಗೆದು, ಅಲ್ಲೇ ನಿಂತು ಉಗುರಿನಿಂದ ಅರಗು ಕೆರೆಯತೊಡಗಿದ.

"ಗೌಡ್ರ, ಸೋಮವಾರ ನನ್ನ ದಾರಿ ಕಾಯಬ್ಯಾಡ್ರಿ," ಎಂದ ಹುಬ್ಬಳ್ಳಿಯವ, ಸಣ್ಣ ದನಿಯಲ್ಲಿ. ಹಿಡಿ ಮಣ್ಣು ಹಾಕುವುದಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.