ಧಾರೆಯ ಮೂರು ಫೋಟೋ

ಮುಹೂರ್ತಕ್ಕೆ ಅರ್ಧ ಗಂಟೆಯೂ ಉಳಿದಿರಲಿಲ್ಲ. ಮದುಮಗಳು ನಿಶಾ ಅಬ್ಬಲಿಗೆ ದಂಡೆ ಮುಡಿಸಿಕೊಳ್ಳುತ್ತಲೇ ಫೋಟೋ ತೆಗೆಯಲು ಬಂದಿದ್ದ ದೀಪಾಲಿಗೆ ಕನ್ನಡಿಯೊಳಗಿಂದ ಕಣ್ಸನ್ನೆ ಮಾಡಿದಳು. ಮುಡಿಸುತ್ತಿದ್ದ ಹೆಂಗಸರು ಪಿನ್ನು ಹುಡುಕಲು ಅತ್ತ ಹೋದದ್ದೇ ತಡ, ದೀಪಾಲಿಯ ಕೈ ಹಿಡಿದುಕೊಂಡಳು.

“ದೀಪಾಲಕ್ಕಾ, ಧಾರೆ ಫೋಟೋದಲ್ಲಿ ಆಯಿ ಇರ್ಲೇಬೇಕು. ಆಯಿ ಇಲ್ದೇ ಇದ್ರೆ ನಂಗೆ ಆ ಫೋಟೋನೇ ಬೇಡ.”

“ಕಾಕಿ ಮಂಟಪಕ್ಕೆ ಬರೂದಿಲ್ವಾ?”

“ಇಲ್ಲ. ದೊಡ್ಡಪ್ಪನೇ ಬಾ ಅಂದ. ನಾ ಕಾಲು ಹಿಡ್ದೆ. ಅಪ್ಪ ಹೋದಮೇಲೆ ತನ್ನ ಕಣ್ಣು ಒಳ್ಳೇದಲ್ಲ ಹೇಳಿ ಕೂತಾಳೆ. ನಡುಮನೆ ಬಾಗ್ಲ ಒಳಗೆ ನಿಂತ್ಕಂಡು ನೋಡ್ತೆ ಅಂತಾಳೆ. ಅಲ್ಲಿಂದ್ಲಾದ್ರೂ ತೆಗಿ. ಅವ್ಳಿಗೆ ಗೊತ್ತಾಗೂದು ಬೇಡ.”

ದೀಪಾಲಿ ಹೂಂ ಅಂದುಬಿಟ್ಟಳು. ಮದುಮಗಳು ಕೈ ಹಿಡಿದು ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾವ ಫೋಟೋಗ್ರಾಫರಿಗಿದೆ? ಅಂಗಳಕ್ಕೆ ಬಂದು ಕ್ಯಾಮೆರಾ ಕಣ್ಣಿಗಿಟ್ಟ ಮೇಲಷ್ಟೇ ತಾನು ಒಪ್ಪಿಕೊಂಡದ್ದು ಎಂಥ ಕೆಲಸ ಎಂದು ಅವಳಿಗೆ ತಿಳಿದದ್ದು.

ಶೆಟಗೇರಿಯ ಆ ಅಂಗಳದಲ್ಲಿ ಮೇ ತಿಂಗಳ ಬಿಸಿಲು ಚಪ್ಪರದ ಬಿಳಿ ಬಟ್ಟೆ ದಾಟಿ ಮಂಟಪದ ತುಂಬ ಸುರಿಯುತ್ತಿತ್ತು. ಮಂಟಪದ ಹಿಂದೆ ಜಗಲಿ, ಅದರಾಚೆ ನಡುಮನೆಯ ಬಾಗಿಲು. ಮಂಟಪ ಚೆನ್ನಾಗಿ ಬಂದರೆ ಬಾಗಿಲೊಳಗೆ ಮಸಿ ಬಳಿದಂಥ ಕತ್ತಲೆ. ಬಾಗಿಲೊಳಗಿನದು ಕಾಣಲೆಂದು ಬೆಳಕು ಹೆಚ್ಚು ಬಿಟ್ಟುಕೊಂಡರೆ ಮಂಟಪವೆಲ್ಲ ಸುಣ್ಣ. ವಿಡಿಯೋ ಹಿಡಿದಿದ್ದ ತಮ್ಮ ಭರತನ ಲೈಟನ್ನು ಅತ್ತ ತಿರುಗಿಸಬಹುದಿತ್ತು, ಆದರೆ ಲೈಟು ಮುಖಕ್ಕೆ ಬಿದ್ದ ಗಳಿಗೆಯೇ ನಿಶಾಳ ತಾಯಿ ಗೋದಾವರಿ ಹಿತ್ತಲಿಗೆ ಹೊರಟುಹೋಗುತ್ತಿದ್ದಳು.

ಉಳಿದದ್ದು ಬ್ರ್ಯಾಕೆಟಿಂಗ್ ಒಂದೇ. ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರೆ ಕ್ಯಾಮೆರಾ ಅದೇ ನೋಟವನ್ನು ಸಾಲಾಗಿ ಮೂರು ಸಲ ತೆಗೆಯುತ್ತದೆ: ಒಂದು ಸರಿ ಬೆಳಕಿನದು, ಒಂದು ಕಪ್ಪಗಿನದು, ಒಂದು ವಿಪರೀತ ಬೆಳ್ಳಗಿನದು. ಆಮೇಲೆ ಕೋಡಿಬಾಗದ ತನ್ನ ಸ್ಟುಡಿಯೋದಲ್ಲಿ ಕೂತು ಮಂಟಪವನ್ನು ಒಂದರಿಂದ, ಬಾಗಿಲನ್ನು ಇನ್ನೊಂದರಿಂದ ತೆಗೆದು ಸೇರಿಸಿಕೊಳ್ಳಬಹುದು. ಕಾಳಿ ನದಿಯ ಸೂರ್ಯಾಸ್ತಕ್ಕೆ ಅವಳು ಇದನ್ನು ಎಷ್ಟೋ ಸಲ ಮಾಡಿದ್ದಳು. ಆದರೆ ನದಿ ಅಲ್ಲಾಡಿದರೂ ನಡೆಯುತ್ತದೆ. ಧಾರೆಯ ಹೊತ್ತಿಗೆ ಅಲ್ಲಾಡದೆ ನಿಲ್ಲುವ ನೆಂಟರನ್ನು ಅಂಕೋಲೆ ತಾಲೂಕಿನಲ್ಲಿ ಯಾರೂ ಕಂಡಿಲ್ಲ.

ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಬಿಗಿದು ನಿಂತಳು. ಬೇಡವೆಂದವಳ ಫೋಟೋ ಕದ್ದು ತೆಗೆಯುತ್ತಿದ್ದೇನಲ್ಲ ಎಂಬುದು ಒಳಗೇ ಚುಚ್ಚುತ್ತಿತ್ತು. ಬಾಗಿಲಲ್ಲಿ ಇನ್ನೂ ಯಾರೂ ಇರಲಿಲ್ಲ.

ಭಟ್ಟರ ಮಂತ್ರ ಜೋರಾಯಿತು. ಅಂತರಪಟ ಸರಿಯಿತು. ಒಬ್ಬ ಮಾವ ಮೊಬೈಲು ಎತ್ತಿಕೊಂಡು ನೇರ ಕ್ಯಾಮೆರಾದ ಮುಂದೆ ಬಂದು ನಿಂತ.

“ಮಾವಾ, ಸ್ವಲ್ಪ ಸರೀರಿ!”

“ಒಂದೇ ಒಂದು ತಂಗೀ, ವಾಟ್ಸಾಪಿಗೆ ಹಾಕೂಕೆ.”

“ಭರತಾ, ಮಾವನ್ನ ಆಚೆ ಕರ್ಕಂಡು ಹೋಗೋ!” ದೀಪಾಲಿಯ ದನಿ ಚೀರಿದಂತೆ ಬಂತು. ಮಾವ ಗೊಣಗುತ್ತ ಸರಿದ. ದೊಡ್ಡಪ್ಪ ಬೊಮ್ಮಯ್ಯ ಮತ್ತು ಅವನ ಹೆಂಡತಿ ಆಗಲೇ ತಂಬಿಗೆ ಎತ್ತಿದ್ದರು. ವಾದ್ಯದವರು ಒಮ್ಮೆಲೇ ಬಾರಿಸತೊಡಗಿದರು. ಬಾಗಿಲ ಕತ್ತಲೆಯಲ್ಲಿ ಏನೋ ಮಿಸುಕಿದ ಹಾಗಾಯಿತು. ಗೋದಾವರಿಯೋ, ಪಾತ್ರೆ ಒಯ್ಯುವ ಇನ್ಯಾರೋ? ನೋಡುತ್ತ ಕೂರಲು ಹೊತ್ತಿರಲಿಲ್ಲ. ನೀರು ಬಿದ್ದದ್ದೂ ಅವಳು ಗುಂಡಿ ಒತ್ತಿದ್ದೂ ಒಟ್ಟಿಗೇ. ಕ್ಯಾಮೆರಾ ಮೂರು ಸಲ ಕಟಕಟವೆಂದಿತು. ಮರುಗಳಿಗೆಗೆ ಅಕ್ಷತೆ ಹಾಕಲು ನೂಕಿಬಂದ ಜನರ ಬೆನ್ನುಗಳಲ್ಲಿ ಮಂಟಪವೇ ಮುಚ್ಚಿಹೋಯಿತು.

ಗದ್ದಲ ಇಳಿದ ಮೇಲೆ ದೀಪಾಲಿ ಜಗಲಿಯ ಮೂಲೆಗೆ ಹೋಗಿ ಕ್ಯಾಮೆರಾ ತಿರುಗಿಸಿ ನೋಡಿದಳು. ಮೊದಲನೆಯದರಲ್ಲಿ ಧಾರೆ ಚೆನ್ನಾಗಿ ಬಂದಿತ್ತು, ಬಾಗಿಲು ಕಪ್ಪು. ಎರಡನೆಯದು ಎಲ್ಲವೂ ಕಪ್ಪು. ಮೂರನೆಯದರಲ್ಲಿ ಬಾಗಿಲೊಳಗೆ ಗೋದಾವರಿ ನಿಂತಿದ್ದಳು. ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣು ಮಗಳ ಮೇಲೆ ನೆಟ್ಟು.

“ಪಾನಕ ಕುಡಿ ಮಗಾ, ಬಿಸ್ಲಲ್ಲೇ ನಿಂತಿದ್ದೆ.”

ಗೋದಾವರಿ ಲೋಟ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. ಕ್ಯಾಮೆರಾ ಮುಚ್ಚಿಕೊಳ್ಳುವಷ್ಟರಲ್ಲಿ ಅವಳ ಕಣ್ಣು ಅದರ ಮೇಲೆ ಬಿದ್ದಾಗಿತ್ತು.

“ಇದು ನಾನು... ನಿಶಾ ಎಲ್ಲಿ?”

ಮಂಟಪವಿರಬೇಕಾದಲ್ಲಿ ಬರೀ ಬಿಳುಪು. ಮದುಮಗಳ ಮುಖವಿಲ್ಲ, ಬಾಸಿಂಗವಿಲ್ಲ, ಮದುಮಗನೂ ಇಲ್ಲ. ಗೋದಾವರಿ ಪಾನಕ ಚೆಲ್ಲುವಂತೆ ಲೋಟವನ್ನು ಜಗಲಿಯ ಮೇಲೆ ಕುಕ್ಕಿದಳು.

“ನೋಡ್ದ್ಯಾ? ನಾ ಬರೂದಿಲ್ಲ ಹೇಳಿ ಬಡ್ಕಂಡೆ. ಬಾಗ್ಲಲ್ಲಿ ನಿಂತು ನೋಡಿದ್ದಕ್ಕೇ ನನ್ನ ಮಗಳ ಮುಖ ಸುಟ್ಟುಹೋತು!”

“ಅಯ್ಯೋ, ಹಂಗಲ್ಲ ಕಾಕಿ—”

“ಅಳ್ಸು! ಈಗ್ಲೇ ಅಳ್ಸು ಅದ್ನ!”

ಅಂಗಳದಲ್ಲಿ ಕೆಲವರು ತಿರುಗಿ ನೋಡಿದರು. ಮೊದಲ ಫೋಟೋ ತೋರಿಸಿದರೆ ಗೋದಾವರಿಯ ಹೆದರಿಕೆ ಇನ್ನೂ ಹೆಚ್ಚಾಯಿತು. ಅವಳು ಹೇಳಿದ್ದೂ ಸುಳ್ಳಾಗಿ ಕಾಣುತ್ತಿರಲಿಲ್ಲ. ತಾನಿಲ್ಲದ ಫೋಟೋದಲ್ಲಿ ಮಗಳು ಚೆಂದವಾಗಿದ್ದಾಳೆ, ತಾನಿರುವುದರಲ್ಲಿ ಮಗಳೇ ಇಲ್ಲ. ಎರಡನ್ನೂ ಆಮೇಲೆ ಸೇರಿಸುತ್ತೇನೆ, ಇದು ಬೆಳಕಿನ ಲೆಕ್ಕ ಎಂದು ದೀಪಾಲಿ ಎಷ್ಟು ಹೇಳಿದರೂ ಅದು ಆ ಕಿವಿಗೆ ಹೋಗಲಿಲ್ಲ. ಗೋದಾವರಿಯೇ ಕ್ಯಾಮೆರಾಕ್ಕೆ ಕೈ ಹಾಕಿದಳು. ಯಾವ ಗುಂಡಿ ಒತ್ತಿಬಿಡುತ್ತಾಳೋ ಎಂದು ದೀಪಾಲಿ ಹೌಹಾರಿದಳು.

“ಅಳಿಸ್ತೆ ಕಾಕಿ, ಆಣೆಗೂ ಅಳಿಸ್ತೆ. ಅದಕ್ಕೂ ಮುಂಚೆ ಒಂದು ಸಲ ಬಿಸ್ಲಿಗೆ ಬನ್ನಿ. ನಿಮ್ಮೊಬ್ರದ್ದೇ ತೆಗೀತೆ. ಆಮೇಲೂ ಅಳ್ಸು ಅಂದ್ರೆ ಅಳ್ಸೂದೇ.”

“ನಂದು ಎಂತಕೆ?”

“ಬನ್ನಿ ಅಂದ್ನಲ್ಲ!”

ದೊಡ್ಡವರಿಗೆ ಹೀಗೆ ದನಿಯೇರಿಸಿದ್ದಕ್ಕೆ ದೀಪಾಲಿಗೇ ನಾಚಿಕೆಯಾಯಿತು. ಆದರೆ ಗೋದಾವರಿ ಮೆಟ್ಟಿಲಿಳಿದು ಬಂದಳು, ಮಗಳನ್ನು ಉಳಿಸಿಕೊಳ್ಳುವ ಅವಸರದಲ್ಲಿ ಎಲ್ಲಿ ಬಂದು ನಿಂತೆನೆಂಬುದೂ ಅವಳ ಗಮನಕ್ಕೆ ಬರಲಿಲ್ಲ. ಎರಡು ಮಾರು ದೂರದಲ್ಲಿ ಮಂಟಪ. ದೀಪಾಲಿ ಕ್ಯಾಮೆರಾದ ಲೆಕ್ಕವನ್ನು ಬದಲಿಸಲಿಲ್ಲ. ಅದೇ ಬೆಳಕು, ಅದೇ ಮೂರು ಕಟಕಟ.

“ನೋಡಿ. ಇದು ಮೊದಲ್ನೇದು, ಸರಿ ಬಂದದೆ. ಇದು ಕಪ್ಪು. ಇದು ಮೂರ್ನೇದು.”

ಮೂರನೆಯದರಲ್ಲಿ ಗೋದಾವರಿಯ ಮುಖವೂ ಇರಲಿಲ್ಲ. ಸೀರೆಯ ಅಂಚಿನ ಒಂದು ಗೆರೆ ಬಿಟ್ಟರೆ ಉಳಿದದ್ದೆಲ್ಲ ಬಿಳುಪು.

“ಈಗ ಹೇಳಿ ಕಾಕಿ, ನಿಮ್ಮ ಮೇಲೆ ಯಾರ ಕಣ್ಣು ಬಿತ್ತು? ಬಿಸ್ಲಲ್ಲಿ ಯಾರು ನಿಂತ್ರೂ ಮೂರ್ನೇದು ಹಿಂಗೇ ಬತ್ತದೆ. ಕ್ಯಾಮೆರಾ ಮಾಡೂದು ಇದು. ನೀವು ಮಾಡಿದ್ದಲ್ಲ.”

ಗೋದಾವರಿ ಕ್ಯಾಮೆರಾವನ್ನು ತನ್ನತ್ತ ತಿರುಗಿಸಿಕೊಂಡಳು. ಮೊದಲನೆಯದಕ್ಕೆ ಹೋಗಿ ತನ್ನ ಮುಖ ನೋಡಿಕೊಂಡಳು, ಮತ್ತೆ ಮೂರನೆಯದಕ್ಕೆ ಬಂದಳು. ಆಮೇಲೆ ದೀಪಾಲಿಯ ತೋಳು ಹಿಡಿದು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

“ಹಂಗಾರೆ... ನಿಶಾನ ಅಪ್ಪ ಹೋದದ್ದೂ ನನ್ನಿಂದಲ್ಲ ಅಲಾ?”

ಈ ಮಾತನ್ನು ಇವಳು ಗಂಡ ಹೋದಾಗಿನಿಂದ ಯಾರನ್ನೂ ಕೇಳಲಾರದೆ ಒಳಗೇ ಇಟ್ಟುಕೊಂಡು ಬದುಕಿದ್ದಳಲ್ಲ ಎಂದು ನೆನೆದು ದೀಪಾಲಿ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

“ಅಲ್ಲ ಕಾಕಿ,” ಅಂದಳು. “ನಿಮ್ಮಿಂದಲ್ಲ.”

ಗೋದಾವರಿಯ ಅಳು ಒಮ್ಮೆಲೇ ಒಡೆಯಿತು. ವಾದ್ಯ ನಿಂತ ಹೊತ್ತು, ಅಂಗಳಕ್ಕೆಲ್ಲ ಕೇಳಿಸಿತು. ಭಟ್ಟರು ಕೂತ್ಕೊಳ್ಳೇ ಎಂದರೂ ಕೇಳದೆ ನಿಶಾ ಸೀರೆ ಎತ್ತಿ ಹಿಡಿದು ಮಂಟಪದಿಂದ ಇಳಿದು ಓಡಿಬಂದಳು. ತಾಯಿ ಮುಖ ತಿರುಗಿಸಲಿಲ್ಲ, ಕಣ್ಣು ಮುಚ್ಚಿಕೊಳ್ಳಲೂ ಇಲ್ಲ. ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟ ನೋಟದಿಂದ ಅವಳನ್ನು ನೋಡುತ್ತಲೇ ಇದ್ದಳು.