ನಾಲ್ಕನೆಯ ಸಾಲು

ನಾನು ಒಂದು ಕರಿಹಲಗೆ. ಕೃಷ್ಣೆಯ ದಂಡೆಯ ನೇಕಾರರ ಊರೊಂದರಲ್ಲಿ, ಬಡಿಗೇರ ಮೌನೇಶಪ್ಪನ ಅಂಗಳದಲ್ಲಿ ಹುಟ್ಟಿದೆ. ದೀಪದ ಮಸಿಯನ್ನು ನೂಲಿಗೆ ಹಾಕುವ ಗಂಜಿಯಲ್ಲಿ ಕಲಸಿ ನನಗೆ ಬಣ್ಣ ಬಳಿದರು. ಆಮೇಲೆ ಸಂಜೆಶಾಲೆಯ ಗೋಡೆಗೆ ತೂಗುಹಾಕಿದರು. ನಾನು ಅಕ್ಷರ ಕಲಿತದ್ದೂ ಅಲ್ಲಿಯೇ. ಬರೆದದ್ದನ್ನೆಲ್ಲ ದಿನವೂ ಅಳಿಸುತ್ತಿದ್ದುದರಿಂದ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೂ ಈ ಒಂದು ಸಂಗತಿಯನ್ನು ತಪ್ಪಿಲ್ಲದೆ ಹೇಳಲು ಯತ್ನಿಸುತ್ತೇನೆ.

ಮಗ್ಗದವರು ಹಳೆಯ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಕೊನೆಯವರೆಗೆ ನೇಯುವುದಿಲ್ಲ. ಒಂದು ಗೇಣು ಉಳಿಸಿ, ಹೊಸ ಹಾಸಿನ ಎಳೆಗಳನ್ನು ಅದಕ್ಕೆ ಹೊಸೆಯುತ್ತಾರೆ. ಶಾಲೆಯಲ್ಲಿಯೂ ಅದೇ ಪದ್ಧತಿ ಬೆಳೆಯಿತು. ಊರು ಬಿಡುವವರು ನನ್ನ ಮೇಲೆ ಮೂರು ಸಾಲು ಪದ್ಯ ಬರೆಯಬೇಕು. ನಾಲ್ಕನೆಯದು ಉಳಿದವರದು. ಆ ಸಾಲು ಬಿದ್ದರೆ ಊರು ಮನಸಾರೆ ಕಳುಹಿಸಿಕೊಟ್ಟಂತೆ.

ನೀಲವ್ವ, ಕಲ್ಲವ್ವ ಎದುರುಬದುರು ಮನೆಯವರು. ಹಗಲು ಕಂಡಿಕೆಗೆ ನೂಲು ಸುತ್ತುವರು, ಸಂಜೆ ಒಂದೇ ಪಾಟಿಯಲ್ಲಿ ಅಕ್ಷರ ತಿದ್ದುವರು. ಏಳನೆಯ ತರಗತಿಯ ಪರೀಕ್ಷೆಗೆ ಜೊತೆಯಲ್ಲಿಯೇ ಕುಳಿತರು. ನೀಲವ್ವ ಪಾಸಾದಳು, ಕಲ್ಲವ್ವ ಗಣಿತದಲ್ಲಿ ಬಿದ್ದಳು. ಧಾರವಾಡದ ಒಂದು ವಸತಿಶಾಲೆಯಿಂದ ನೀಲವ್ವನಿಗೆ, ಏಳನೆಯದು ಪಾಸಾದವರಿಗಷ್ಟೇ ಸಿಗುವ ಅಡುಗೆ ಕೆಲಸದ ಕಾಗದ ಬಂದ ದಿನವೇ ಕಲ್ಲವ್ವ ಅವಳೊಡನೆ ಮಾತು ಬಿಟ್ಟಳು. ನನಗೂ ಕಸಿವಿಸಿ. ಅಕ್ಷರ ತೋರಿಸಿದ್ದು ನಾನು. ಗೆಳತಿಯರನ್ನು ಅಗಲಿಸಿದ್ದೂ ನಾನೇ ಏನೋ!

ಹೊರಡುವ ಹಿಂದಿನ ಸಂಜೆ ನೀಲವ್ವ ಸುಣ್ಣದಕಡ್ಡಿ ಹಿಡಿದು ನನ್ನೆದುರು ನಿಂತಳು.

ಹೊಳಿನೀರು ಕುಡದು ಬೆಳದಾಕಿ ನಾನು,
ಮಗ್ಗದ ಸಪ್ಪಳಕ ಮಲಗಿ ಎದ್ದಾಕಿ ನಾನು,
ಹೊರಟೀನಿ ಅಂತ ಹೊಸ್ತಿಲಕ ಹೆಂಗ ಹೇಳಲಿ?

ಬರೆದು ಕಾದಳು. ಯಾರೂ ಏಳಲಿಲ್ಲ. ಆ ಸಾಲು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಕಲ್ಲವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಖಾಲಿ ಉಳಿದ ಜಾಗ ನನ್ನ ಎದೆಯ ಮೇಲೆ ಉರಿಯುತ್ತಿತ್ತು. ಕೊನೆಗೆ ನೀಲವ್ವನಿಗೆ ತಡೆಯಲಾಗಲಿಲ್ಲ. ‘ಅಳಬ್ಯಾಡ ನನ್ನೂರ, ನನ್ನ ಮರತುಬಿಡು’ ಎಂದು ನಾಲ್ಕನೆಯ ಸಾಲನ್ನೂ ತಾನೇ ಬರೆದುಬಿಟ್ಟಳು.

ಕಲ್ಲವ್ವ ದಡಕ್ಕನೆ ಎದ್ದಳು.

“ಏನ ಸೊಕ್ಕ ಬಂತ ನಿನಗ! ಪಾಸಾದಿ ಅಂತ ನನ್ನ ಸಾಲೂ ನೀನ ಬರಿತೀ?”

“ನೀ ಮಾತ ಬಿಟ್ಟ ಎಂಟ ದಿನಾತು. ಬರಿಯೂದಿಲ್ಲ ಅಂತ ತಿಳದೆ.”

“ಮಾತ ಬಿಟ್ಟೀನಿ. ನಿನ್ನ ಬಿಟ್ಟೀನೇನ?”

ಸೆರಗಿನಿಂದ ಆ ಸಾಲನ್ನು ತಿಕ್ಕಿ ತಿಕ್ಕಿ ಒರೆಸಿದಳು. ನನಗೆ ನೋವಾಯಿತು, ಆದರೆ ಹಿತವಾಗಿತ್ತು. ಒತ್ತಿ ಒತ್ತಿ ಬರೆದಳು:

ನಡಿಯವ್ವ ನೀನು, ಹೊಸ್ತಿಲಕ ನಾ ಹೇಳತೀನಿ.

ಸಂಜೆಶಾಲೆಯಲ್ಲಿ ಕಲಿಸುತ್ತಿದ್ದ ಅಡಿವೆಪ್ಪ ಮಾಸ್ತರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನೀಲವ್ವ ಧಾರವಾಡ ಮುಟ್ಟಿದ ಸುದ್ದಿ ಬರುವವರೆಗೆ ಕಲ್ಲವ್ವ ಯಾರಿಗೂ ಅದನ್ನು ಅಳಿಸಲು ಬಿಡಲಿಲ್ಲ. ಐದು ದಿನ ಮಾಸ್ತರು ನನ್ನ ಮೂಲೆಯೊಂದರಲ್ಲಿಯೇ ಭಾಗಾಕಾರ ಕಲಿಸಿದರು.

ಕಾಲಾನಂತರ ಶಾಲೆ ಮುಚ್ಚಿತು. ಕಲ್ಲವ್ವ ನನ್ನನ್ನು ಮನೆಗೆ ಹೊತ್ತು ತಂದಳು. ಈಗ ನನ್ನ ಬಣ್ಣ ಹೋಗಿದೆ. ಮಾಳಿಗೆಯ ಮೇಲೆ ಮಲಗಿದ್ದೇನೆ. ಬೇಸಿಗೆಯಲ್ಲಿ ನನ್ನ ಮೇಲೆ ಸಂಡಿಗೆ ಒಣಗುತ್ತವೆ.

ಹೋದ ಬೇಸಿಗೆಯಲ್ಲಿ ನೀಲವ್ವ ಬಂದಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು.

“ಅಯ್ಯ, ನಮ್ಮ ಹಲಗಿ ಮ್ಯಾಲ ಸಂಡಿಗಿ ಹಾಕೀಯಲ್ಲ ಖೋಡಿ!”

“ನಿನ್ನ ಪದ್ಯ ತಿಂದ್ರ ಹೊಟ್ಟಿ ತುಂಬತೈತೇನ?”

ಹಸಿಸಂಡಿಗೆ ಕಿತ್ತು ತಿನ್ನುತ್ತ ಇಬ್ಬರೂ ಆ ಪದ್ಯ ಹೇಳಲು ಹೊರಟರು. ನೀಲವ್ವ ಮೊದಲ ಸಾಲಿಗೇ ತಡವರಿಸಿದಳು. ಕಲ್ಲವ್ವ ಮೂರೂ ಸಾಲು ಒಂದೇ ಉಸಿರಿಗೆ ಹೇಳಿ ಮುಗಿಸಿ, “ಮುಂದ ನಾ ಏನ ಬರದಿದ್ನೆ?” ಎಂದಳು.

ನೀಲವ್ವ ಮೆಲ್ಲಗೆ ನಾಲ್ಕನೆಯದನ್ನು ಹೇಳಿದಳು. ಒಂದಕ್ಷರವೂ ತಪ್ಪಲಿಲ್ಲ.