ಹೆರಳು ಬಿಚ್ಚಿದ ಮಧ್ಯಾಹ್ನ

ವಸಂತವೆಂಬ ಮಾತಿಗೆ ಆಕ್ಲೆಂಡಿನಲ್ಲಿ ಅರ್ಥವೇ ಬೇರೆ! ಸೆಪ್ಟೆಂಬರಿನ ಆ ಶನಿವಾರ, ಮೌಂಟ್ ಆಲ್ಬರ್ಟಿನ ಬೆಟ್ಟದ ಮೇಲೆ ಬೆಳಗಿನಿಂದಲೇ ಬಿಸಿಲೂ ಮಳೆಯೂ ಒಂದನ್ನೊಂದು ಅಟ್ಟಿಸಿಕೊಂಡು ಆಡುತ್ತಿದ್ದವು. ಒಮ್ಮೆ ಜಿನುಗಿ, ಒಮ್ಮೆ ಬೆಳಗಿ, ಮತ್ತೆ ಜಿನುಗಿ... ಕೊನೆಗೆ ನಡುಹಗಲಿನ ಹೊತ್ತಿಗೆ ಮೇಘಮಾಲೆಯೆಲ್ಲ ಪೂರ್ವದಿಗಂತಕ್ಕೆ ಸರಿದು, ಇಳಿಜಾರಿನ ತಗಡಿನ ಮಾಡುಗಳ ಮೇಲೆ, ಹಳದಿ ಹೂಗೊಂಚಲು ಜೋತ ಕೊವಾಯ್ ಮರಗಳ ಮೇಲೆ, ಆಗತಾನೇ ತೊಳೆದಿಟ್ಟಂಥ ಹೊಂಬಿಸಿಲು ಹರಡಿಕೊಂಡಿತು. ಇಂಥ ಬೆಳಕಿನಲ್ಲಿ ಏನನ್ನಾದರೂ ಮುಚ್ಚಿಡುವುದು ಬಹಳ ಕಷ್ಟ, ಸಹೃದಯರೇ! ಆದರೆ ಕಾತ್ಯಾಯಿನಿಗೆ ಮುಚ್ಚಿಡಲೇಬೇಕಾದದ್ದೊಂದಿತ್ತು. ಅದು ಅವಳ ಕೂದಲು.

ಕಾಲು ಶತಮಾನದ ಹಿಂದೆ ಮೈಸೂರಿನಲ್ಲಿ, ಡಾಕ್ಟರ್ ವಿಶ್ವೇಶ್ವರನ ಮನೆಯವರು ಅವಳನ್ನು ನೋಡಲು ಬಂದ ದಿನ, ಅಮ್ಮ ಅವಳ ಗುಂಗುರು ಕೂದಲಿಗೆ ಒದ್ದೆಯಿರುವಾಗಲೇ ಎಣ್ಣೆ ಸುರಿದು, ಕಣ್ಣಂಚು ಎಳೆಯುವಷ್ಟು ಬಿಗಿಯಾಗಿ ಹೆಣೆದಿದ್ದಳು. ತವರಿನಲ್ಲಿ ಆ ಕೂದಲಿಗಿದ್ದ ಹೆಸರು ತೆಂಗಿನ ನಾರು. ಗಂಡಿನ ತಾಯಿ ಮಾತ್ರ, "ಏನು ನೀಟಾದ ಜಡೆ, ಒಂದು ಸೊಟ್ಟ ಇಲ್ಲ!" ಎಂದು ಮೆಚ್ಚಿದರು, ಗಂಡೂ ಮುಗುಳ್ನಕ್ಕ. ಆ ಮುಗುಳ್ನಗೆಗೇ ಅವಳು ಮನಸೋತಳು, ಆ ಮುಗುಳ್ನಗೆಗೇ ಹೆದರಿಯೂ ಬಿಟ್ಟಳು. ಅಂದಿನಿಂದ ಇಂದಿನವರೆಗೆ, ಮೈಸೂರಿನಲ್ಲಾಗಲಿ ಈ ದಕ್ಷಿಣದ ದ್ವೀಪದೇಶದಲ್ಲಾಗಲಿ, ಗಂಡ ಏಳುವ ಮುನ್ನವೇ ಎದ್ದು, ಕೂದಲು ಒದ್ದೆ ಮಾಡಿ, ಎಣ್ಣೆ ಹಚ್ಚಿ, ಬಿಗಿದು ಹೆಣೆಯದ ದಿನವಿರಲಿಲ್ಲ. ಅವನು ಒಪ್ಪಿದ್ದು ಆ ಜಡೆಯನ್ನು ಎಂಬ ಅಂಜಿಕೆ ಒಳಗೊಳಗೇ ಬೇರುಬಿಟ್ಟಿತ್ತು.

ಹೀಗಿರುವಾಗ ಕಳೆದ ವಾರ ಮನೆಯ ಮುಂದಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡ ದಿನ ಅವಳಂತೆಯೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಗೆಳತಿ ಗೀತಾ ಹಾಕಿಕೊಟ್ಟ ಜಡೆಯೇ ಇನ್ನೂ ಬೆನ್ನ ಮೇಲಿತ್ತು. ತಲೆ ತುರಿಸುತ್ತಿತ್ತು, ಒಂಟಿಗೈಯಲ್ಲಿ ಹೆಣೆಯಲಾಗದು. ಬಿಚ್ಚಿದರೆ ಅವರು ನೋಡಿಬಿಡುತ್ತಾರೆ... ಅದಕ್ಕಿಂತ ಗಂಡುಮಕ್ಕಳ ಹಾಗೆ ಗಿಡ್ಡ ಕತ್ತರಿಸಿಬಿಟ್ಟರೆ ಪೀಡೆ ತೊಲಗಿತು!

ಅಂದು ಬೆಳಿಗ್ಗೆ ಅವಳು ನ್ಯೂ ನಾರ್ತ್ ರೋಡಿನ ಸಲೂನಿಗೆ ಹೋಗಿದ್ದು ಅದಕ್ಕೇ. ಅಲ್ಲಿನ ಸಮೋವಾ ಮೂಲದ ಸಿನಾ, ಜಡೆಯ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದವಳೇ ಕತ್ತರಿ ಕೆಳಗಿಟ್ಟಳು.

"ಇದು ಗುಂಗುರು ಕೂದಲು. ಒಣಗಿದಾಗ ಹೇಗೆ ಸುತ್ತಿಕೊಳ್ಳುತ್ತೆ ಅಂತ ನೋಡದೆ ನಾನು ಕತ್ತರಿಸುವುದಿಲ್ಲ" ಎಂದಳು ಆಂಗ್ಲದಲ್ಲಿ. ಕಾತ್ಯಾಯಿನಿಯ ಕೈ ಕಂಡು, ಕರೆದೊಯ್ಯಲು ಒಳಬಂದ ವಿಶ್ವೇಶ್ವರನಿಗೇ ವಿಧಿಗಳನ್ನು ಒಪ್ಪಿಸಿದಳು: ಎಣ್ಣೆ ಪೂರ್ತಿ ಹೋಗುವಂತೆ ತೊಳೆಯಬೇಕು, ಟವೆಲ್ಲಿನಿಂದ ಉಜ್ಜಬಾರದು, ಬಾಚಬಾರದು, ಕಟ್ಟಬಾರದು, ತಾನಾಗಿ ಒಣಗಲು ಬಿಟ್ಟು ಸಂಜೆ ಬರಬೇಕು. ಜನರಿಗೆ ಔಷಧಿ ಬರೆದುಕೊಡುವ ಆ ಮನುಷ್ಯ ಶಾಲೆಯ ಹುಡುಗನಂತೆ ತಲೆಯಾಡಿಸಿದ.

ಮನೆಯಲ್ಲಿ ಅವನು ತಲೆ ತೊಳೆಯುವಾಗ ಅವಳು ಕಣ್ಣು ಬಿಡಲಿಲ್ಲ. ಎಷ್ಟೋ ಅಪರಿಚಿತರ ನಾಡಿ ಹಿಡಿದ ಆ ಬೆರಳುಗಳು ತನ್ನ ನೆತ್ತಿಗೆ ಇಷ್ಟು ಹೊಸವೇ! ಬೆಚ್ಚನೆಯ ನೀರು ಹರಿಯಿತು. ವರ್ಷಾನುವರ್ಷದ ಎಣ್ಣೆ ಕರಗಿತು. ಹಿತ್ತಿಲ ಕಡೆಯ ಮರದ ಜಗುಲಿಯಲ್ಲಿ ಅವಳನ್ನು ಕೂರಿಸಿ, ಅವನು ತನ್ನ ಹಳೆಯ ಪಂಚೆಯಿಂದ ನೀರನ್ನು ಮೆಲ್ಲಗೆ ಒತ್ತಿ ತೆಗೆದು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತ.

ಬಿಸಿಲು ತನ್ನ ಕೆಲಸಕ್ಕೆ ತೊಡಗಿತು. ಮೊದಲು ಕೆನ್ನೆಯ ಬದಿಯ ಎಳೆಯೊಂದು ಕದಲಿತು... ಮತ್ತೊಂದು ಮೆಲ್ಲನೆ ಮೇಲಕ್ಕೆ ಸುತ್ತಿಕೊಂಡಿತು... ಹಣೆಯಲ್ಲಿ ಸಣ್ಣ ಸುಳಿಗಳು, ನೆತ್ತಿಯಲ್ಲಿ ಅಲೆಗಳು, ಕತ್ತಿನ ಹಿಂದೆ ಬೆರಳು ತೂರಿಸಬಹುದಾದ ತುಂಬುಸುರುಳಿಗಳು! ನೋಡನೋಡುತ್ತಿದ್ದಂತೆ ಕಪ್ಪೂ ಬೆಳ್ಳಿಯೂ ಬೆರೆತ ಘನಕುಂತಲರಾಶಿ ಹೆಗಲ ತುಂಬ ಉಬ್ಬಿ ನಿಂತಿತು. ವಿಶ್ವೇಶ್ವರ ಬೆರಗಾಗಿ ನೋಡುತ್ತಲೇ ಇದ್ದ.

"ರೀ... ನೀವು ಒಪ್ಪಿದ್ದು ಇದನ್ನಲ್ಲ" ಎಂದಳು ಅವಳು, ನೆಲ ನೋಡುತ್ತ. "ನನ್ನ ಕೂದಲು ಹುಟ್ಟಿನಿಂದ ಹೀಗೇ. ಅವತ್ತು ಅಮ್ಮ ಎಳೆದು ಕಟ್ಟಿದ್ರು. ಆಮೇಲೆ ನಾನೇ ಕಟ್ತಾ ಬಂದೆ. ಮೋಸ ಅನ್ನಿಸಿದ್ರೆ ಅನ್ನಿಸ್ಲಿ, ಹೇಳಿಬಿಟ್ಟೆ."

"ದಿಂಬಿನ ಮೇಲೆ ಸುರುಳಿ ಕೂದಲು ಸಿಗ್ತಿತ್ತು" ಎಂದ ಅವನು ಮೆಲ್ಲಗೆ. "ಜಡೆ ಹಾಕಿ ಹಾಕಿ ಹಂಗಾಗಿದೆ ಅಂದ್ಕೊಂಡಿದ್ದೆ ಕಣೇ! ಡಾಕ್ಟರಂತೆ ಡಾಕ್ಟರು!"

ಇಬ್ಬರೂ ನಕ್ಕರು. ನಗುತ್ತಿದ್ದವನು ಥಟ್ಟನೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಅಂದ್ರೆ... ದಿನಾ ನನಗಿಂತ ಮುಂಚೆ ಏಳ್ತಿದ್ದಿದ್ದು ಇದಕ್ಕಾ?"

ಅವಳು ತಲೆಯಾಡಿಸಿದಳು.

"ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದಾಗಲೂ? ಜ್ವರ ಬಂದಾಗಲೂ?"

"ಹೂಂ."

ಅವನ ಕಣ್ಣು ತುಂಬಿ ಬಂತು. "ಕೂದಲ ಬಗ್ಗೆ ನಂಗೇನೂ ಬೇಜಾರಿಲ್ಲ, ಕಾತ್ಯಾ. ಆ ನಿದ್ದೆನೆಲ್ಲ ನಾನು ಹೇಗೆ ವಾಪಸ್ ಕೊಡ್ಲಿ ನಿಂಗೆ?"

ಅವನ ಕೋಪಕ್ಕೂ ಕ್ಷಮೆಗೂ ಅವಳು ಸಿದ್ಧಳಿದ್ದಳು. ಈ ಪ್ರಶ್ನೆಗೆ ಸಿದ್ಧಳಿರಲಿಲ್ಲ. ಪ್ಲಾಸ್ಟರಿನ ಕೈಯನ್ನೇ ಅವನ ಮೊಣಕಾಲ ಮೇಲಿಟ್ಟು ಮನಸಾರೆ ಅತ್ತಳು.

ಸಂಜೆ, ತವರಿನವರ ತೆಂಗಿನ ನಾರಿನ ಮಾತನ್ನು ಅವಳಿಂದ ಕೇಳಿಸಿಕೊಂಡ ಸಿನಾ ಒಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ದಪ್ಪ ನೋಡಿದಳು; ಇನ್ನೊಂದನ್ನು ನೀರಿನ ಲೋಟಕ್ಕೆ ಹಾಕಿದಳು. ಅದು ಮುಳುಗದೆ ತೇಲಿತು. "ಒರಟು ಅಂತ ಯಾರು ಹೇಳಿದ್ದು? ಎಳೆ ಬಲು ನವಿರು, ಆದರೆ ದಟ್ಟ. ನೀರನ್ನೂ ಎಣ್ಣೆಯನ್ನೂ ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಷ್ಟೇ" ಎಂದು ನಕ್ಕು ಕತ್ತರಿ ಎತ್ತಿಕೊಂಡು, ಎಷ್ಟು ಗಿಡ್ಡ ಮಾಡಲಿ ಎಂದು ಕೇಳಿದಳು. ಕನ್ನಡಿಯಲ್ಲಿ ಗಂಡನ ಕಣ್ಣು ಕಂಡಿತು. ಆದರೆ ಉತ್ತರಕ್ಕಾಗಿ ಕಾತ್ಯಾಯಿನಿ ಅತ್ತ ನೋಡಲಿಲ್ಲ.

"ಸೀಳಿದ ತುದಿ ಮಾತ್ರ" ಎಂದಳು.

ಮರುದಿನ ಭಾನುವಾರ. ಬಿಸಿಲು ಪರದೆಯಂಚಿನಿಂದ ನುಸುಳಿ ಮಂಚವನ್ನೇರಿದರೂ ಕಾತ್ಯಾಯಿನಿ ಏಳಲಿಲ್ಲ. ದಿಂಬಿನ ತುಂಬ ಸುರುಳಿಗಳನ್ನು ಚೆಲ್ಲಿಕೊಂಡು, ಮಗುವಿನಂತೆ ಬಾಯಿ ಕೊಂಚ ತೆರೆದು, ಗಾಢನಿದ್ರೆಯಲ್ಲಿದ್ದಳು. ಕಾಫಿ ತಂದ ವಿಶ್ವೇಶ್ವರ ಬಾಗಿಲಲ್ಲೇ ನಿಂತ. ಕಾಫಿ ಆರಿತು, ಅವನು ಎಬ್ಬಿಸಲಿಲ್ಲ.

ಪ್ರೀತಿಯೆಂದರೆ ಮೆಚ್ಚುಗೆಯೆಂದು ತಿಳಿದು, ಆ ಮೆಚ್ಚುಗೆ ಎಲ್ಲಿ ಕೈಜಾರೀತೋ ಎಂದು ನಾವೆಲ್ಲ ಏನೇನನ್ನೋ ಬಿಗಿದು ಕಟ್ಟಿಕೊಂಡೇ ಬದುಕುತ್ತೇವೆ... ಆದರೆ ಮೆಚ್ಚುಗೆಯ ಎದುರು ಮನುಷ್ಯ ಎಚ್ಚರವಾಗಿರಬೇಕು. ಪ್ರೀತಿಯ ಎದುರು ಮಾತ್ರವೇ, ಆಹಾ, ನಿಶ್ಚಿಂತೆಯಿಂದ ನಿದ್ರಿಸಬಹುದು!